ಮಗಳ ಹುಟ್ಟುಹಬ್ಬಕ್ಕೆ ನಾನು ಆರಿಸಿದ ರಿಟರ್ನ್ ಗಿಫ್ಟ್

ಮದುವೆಯಲ್ಲಿ ತಾಂಬೂಲದ ಚೀಲ, ಗೌರಿ ಹಬ್ಬದಲ್ಲಿ ಮೊರದ ಬಾಗಿನ ಕೊಡುವ ಮನೆ ನಮ್ಮದು. ಹಾಗಾಗಿ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಏನೂ ಕೊಡುವುದು ಬೇಡ ಎಂದು ನಾನು ಹಟ ಹಿಡಿಯಲಿಲ್ಲ. ನನ್ನ ತಕರಾರು ಇದ್ದದ್ದು ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ಚೀಲದೊಳಗಿನ ಸರಕಿನ ಬಗ್ಗೆ. ಪೀಪಿ, ಮಿಣಮಿಣ ಉಂಗುರ, ಮಿಂಚುಪುಡಿ ಅಂಟಿಸಿದ ಡಬ್ಬಿ, ಎಲ್ಲಕ್ಕೂ ಮೇಲೊಂದು ಜಿಲೆಟಿನ್ ಕಾಗದ. ವಾರದೊಳಗೆ ಅದು ಕಸದ ಗಾಡಿ ಸೇರುತ್ತದೆ. ಮಗಳ ಐದನೇ ಹುಟ್ಟುಹಬ್ಬಕ್ಕೆ ತಲಾ ಒಂದೇ ವಸ್ತು, ಅದೂ ಮಗು ತಿಂಗಳುಗಟ್ಟಲೆ ಕೈಗೆತ್ತಿಕೊಳ್ಳುವಂಥದ್ದು ಕೊಡೋಣ ಎಂದು ನಿಶ್ಚಯಿಸಿದೆ. ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿದ್ದರೂ ಮರುದಿನವೇ ಮೂಲೆ ಸೇರುವುದು ನನ್ನ ಲೆಕ್ಕದಲ್ಲಿ ಕಸವೇ.

ಚೀಟಿ ನಂಬಿ ಕೊಳ್ಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಬಿದಿರಿನ ಹಲ್ಲುಜ್ಜುವ ಬ್ರಷ್‌ನಲ್ಲಿ ಹಿಡಿ ಮಾತ್ರ ಬಿದಿರು, ಎಳೆಗಳು ಸಾಮಾನ್ಯವಾಗಿ ನೈಲಾನ್. ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ ಕರಗಬೇಕಾದರೆ ಕಾರ್ಖಾನೆ ಮಟ್ಟದ ಗೊಬ್ಬರ ಘಟಕದ ಬಿಸಿ ಬೇಕು. ನಮ್ಮ ಹಿತ್ತಲ ಗುಂಡಿಯಲ್ಲಿ ಅದು ಹಾಗೇ ಬಿದ್ದಿರುತ್ತದೆ. ಬಲೂನು ಹೇಗೂ ಬೇಡವೆಂದಿದ್ದೆ. ಒಡೆದ ಬಲೂನಿನ ಚೂರು ಎಳೆ ಮಕ್ಕಳ ಗಂಟಲಿಗೆ ಬಹಳ ಅಪಾಯ.

ಕೊನೆಗೆ ಚನ್ನಪಟ್ಟಣದ ಬೊಂಬೆಗಳ ಕಡೆಗೇ ಮನಸ್ಸು ಹೋಯಿತು. ಈಗ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುವುದರಿಂದ ಹಳೇ ರಸ್ತೆಗೆ ಇಳಿಯಲೇಬೇಕು. ರಸ್ತೆಬದಿಯ ಅಂಗಡಿಗಳಲ್ಲಿ ಹೊರಗಿನಿಂದ ಬಂದ ಸಾಮಾನೂ ಕಲೆತಿರುತ್ತದೆ, ಆದ್ದರಿಂದ ನೇರವಾಗಿ ಬೊಂಬೆ ಕಡೆಯುವವರ ಮನೆಗೇ ಹೋದೆವು.

ಅಲ್ಲಿ ನೋಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಆರಿಸುವ ಗುಟ್ಟೆಲ್ಲ ಅದರಲ್ಲೇ ಇದೆ. ಅಲ್ಲಿಯವರು ಆಲೆ ಮರ ಎನ್ನುವ ಹಾಲೆ ಮರದ ಬೆಳ್ಳನೆಯ, ಮೆದು ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಆಕಾರಕ್ಕೆ ತರುತ್ತಾರೆ. ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿಯ ತುಂಡನ್ನು ಒತ್ತಿ ಹಿಡಿದರೆ ಕ್ಷಣದಲ್ಲಿ ಗಾಜಿನಂಥ ಹೊಳಪು. ಬ್ರಷ್ ಇಲ್ಲ, ಥಿನ್ನರ್ ವಾಸನೆ ಇಲ್ಲ.

“ಅಣ್ಣಾ, ಮಕ್ಕಳು ಬಾಯಿಗೆ ಹಾಕ್ಕೋತಾರೆ, ಬಣ್ಣ ಬಿಡಲ್ಲ ತಾನೆ?” ಅಂದೆ.

“ಇದು ಅರಗು ಕಣಮ್ಮ, ಪೇಂಟಲ್ಲ. ಮೂಸಿ ನೋಡಿ” ಎಂದು ಕೈಗಿತ್ತರು.

ನಾನು ಕಲಿತದ್ದು ಇಷ್ಟು: ಅರಗಿನ ಹೊದಿಕೆ ಹೀಗೆ ಕೂರುವುದು ಲೇತ್ ಮೇಲೆ ತಿರುಗುವ ವಸ್ತುವಿಗೆ ಮಾತ್ರ, ಅಂದರೆ ದುಂಡಗಿನದಕ್ಕೆ. ಚಪ್ಪಟೆ ಹಲಗೆಯಿಂದ ಕತ್ತರಿಸಿದ ಆನೆ, ಅಕ್ಷರ, ಪಜಲ್‌ಗಳಿಗೆ ಸಾಮಾನ್ಯವಾಗಿ ಪೇಂಟೇ ಹೊಡೆದಿರುತ್ತಾರೆ. ಅದು ಕೆಟ್ಟದ್ದೆಂದಲ್ಲ, ಆದರೆ ಯಾವ ಪೇಂಟು ಎಂದು ಕೇಳಬೇಕಾಗುತ್ತದೆ. ಮನೆ ಬಳಕೆಯ ಪೇಂಟಿನಲ್ಲಿ ಸೀಸವೆಂಬ ವಿಷಲೋಹ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದ್ದರೂ ಹಳೇ ಡಬ್ಬಿ, ಕಾರ್ಖಾನೆ ಬಳಕೆಯ ಪೇಂಟು ಯಾರ ಬಳಿ ಇದೆಯೋ ಯಾರು ಬಲ್ಲರು. ನಾನು ಚಪ್ಪಟೆಯದನ್ನು ಕೊಳ್ಳಲೇ ಇಲ್ಲ. ಅರಗಿಗೆ ಬೆರೆಸುವ ಬಣ್ಣದ ಬಗ್ಗೆಯೂ ಬೇರೆಯಾಗಿ ವಿಚಾರಿಸಬೇಕು. ಅರಿಸಿನ, ನೀಲಿಯಂಥ ಸಸ್ಯದ ಬಣ್ಣ ಹಾಕುವವರೂ ಇದ್ದಾರೆ, ಬೇರೆ ಬಣ್ಣ ಹಾಕುವವರೂ ಇದ್ದಾರೆ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆ, ಸರಿಯಾದದ್ದೇ. ಆದರೆ ಹಾಗಿರುವಾಗ ಪರೀಕ್ಷೆ ಮಾಡುವ ಹೊಣೆ ನಮ್ಮ ಕಣ್ಣು, ಕೈಗೆ ಬೀಳುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಅಡಗಬಾರದು ಎಂಬುದು ಸುರಕ್ಷತಾ ಮಾನದಂಡ. ಮನೆಯಲ್ಲಿ ರಟ್ಟಿನಿಂದ ಅಷ್ಟಗಲದ ಕೊಳವೆ ಸುತ್ತಿ ಜೊತೆಗೇ ಒಯ್ದಿದ್ದೆ. ಮುದ್ದಾಗಿದ್ದ ಪುಟ್ಟ ಬುಗುರಿಗಳು ಅದರೊಳಗೆ ಸಲೀಸಾಗಿ ಇಳಿದವು. ಅವನ್ನು ನಾಲ್ಕು ದಾಟಿದವರಿಗೆ ಮಾತ್ರ ತೆಗೆದುಕೊಂಡೆ. ಚಿಕ್ಕವರಿಗೆ ದಪ್ಪ ಗಿಲಕಿ, ಆದರೆ ಅಲ್ಲಾಡಿಸಿ, ಎಳೆದು, ಬಿರಡೆ ಬಿಗಿಯಾಗಿದೆಯೇ ನೋಡಿದ ಮೇಲೆಯೇ.

ಬುಗುರಿಗಳಲ್ಲೂ ಮೊಳೆ ಇಲ್ಲದ, ಬೆರಳಲ್ಲಿ ತಿರುವುವ ಬಗೆಯನ್ನೇ ಆರಿಸಿದೆ. ದಾರ ಸುತ್ತಿ ಎಸೆಯುವ ಬುಗುರಿ ಈ ವಯಸ್ಸಿಗಲ್ಲ.

ಮಕ್ಕಳಿಗೆ ಒಂದು ಬುಗುರಿ ಕೊಟ್ಟು ಕಳಿಸುವುದು ತೀರಾ ಸಣ್ಣದಾಯಿತು ಎಂದು ಅತ್ತೆಗೆ ಅನ್ನಿಸಿತು. “ಕೈ ತುಂಬ ಕೊಡಬೇಕು ಕಣೆ, ಮಕ್ಕಳು ಮುಖ ಸಪ್ಪೆ ಮಾಡ್ಕೋತವೆ” ಅಂದರು. ಅವರ ಮಾತಿನಲ್ಲೂ ಹುರುಳಿತ್ತು. ಪುಟ್ಟ ಕುಂಡ ಮಾಡಲು ಅವರೇ ಕೂಡಿಟ್ಟಿದ್ದ ತೆಂಗಿನ ಕರಟಗಳನ್ನು ಹೊರತೆಗೆದೆವು. ಕಣ್ಣಿರುವ ಹೋಳೇ ಬೇಕು. ಮೂರು ಕಣ್ಣಿನಲ್ಲಿ ಮೆತ್ತಗಿರುವ ಒಂದನ್ನು ಮೊಳೆಯಿಂದ ಚುಚ್ಚಿದರೆ ನೀರು ಬಸಿಯಲು ತೂತು ತಾನಾಗಿ ಸಿಗುತ್ತದೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ತೆಂಗಿನ ನಾರಿನ ಪುಡಿ ತುಂಬಿದೆವು. ಹಳೇ ಕ್ಯಾಲೆಂಡರ್ ಹಾಳೆಯ ಪೊಟ್ಟಣದಲ್ಲಿ ಒಂದು ಚಮಚ ಮೆಂತ್ಯ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬಿತ್ತನೆ ಬೀಜದ ಅಂಗಡಿಯಲ್ಲಿ ಗುಲಾಬಿಯೋ ಹಸಿರೋ ಬಣ್ಣ ಬಳಿದ ಬೀಜ ಕಂಡರೆ ಮಕ್ಕಳ ಕೈಗೆ ಕೊಡಬೇಡಿ, ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು, ಎರಡು ಮೂರು ದಿನದಲ್ಲಿ ಮೊಳಕೆ ಕಾಣುತ್ತದೆ. ಐದು ವರ್ಷದ ಮಗುವಿನ ತಾಳ್ಮೆಗೆ ಹೊಂದುವ ಬೆಳೆ ಅದು. ಮಕ್ಕಳು ಕಾಳನ್ನು ಮೂಗಿಗೆ ತುರುಕಿಕೊಳ್ಳುವುದೂ ಉಂಟಲ್ಲ, ಪೊಟ್ಟಣವನ್ನು ತಾಯಂದಿರ ಕೈಗೇ ಕೊಟ್ಟೆ. ಚಿಕ್ಕ ಮಕ್ಕಳ ಮನೆಗೆ ಕರಟ ಕೊಡಲಿಲ್ಲ.

ಚೀಲ ಹೊಲಿದುಕೊಟ್ಟವರು ನಮ್ಮ ಬೀದಿಯ ಟೈಲರ್. ಬ್ಲೌಸ್ ಹೊಲಿದು ಮಿಕ್ಕ ತುಂಡುಗಳನ್ನು ಜೋಡಿಸಿ, ಲಾಡಿ ಹಾಕಿ ಕೊಟ್ಟರು. ಒಂದರಂತೆ ಇನ್ನೊಂದಿರಲಿಲ್ಲ, ಮಕ್ಕಳಿಗೆ ಅದೇ ಸಡಗರ: “ಆಂಟಿ, ನಂಗೆ ಜರಿದು!” ಎಂದು ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಬುಗುರಿ ಸೇರಿ ಒಂದು ಮಗುವಿಗೆ ಆದ ಖರ್ಚು ಅಂಗಡಿಯ ಚೀಲಕ್ಕೆ ಕೊಡುತ್ತಿದ್ದಷ್ಟೇ.

ಚೀಲದೊಳಗೆ ಕೈಬರಹದ ಒಂದು ಚೀಟಿಯನ್ನೂ ಇಟ್ಟಿದ್ದೆ: ಬೊಂಬೆಯನ್ನು ಬಿಸಿನೀರಲ್ಲಿ ತೊಳೆಯಬೇಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅರಗು ಮೆತ್ತಗಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ನೀವೂ ಮಾಡಿಸುವುದಾದರೆ ತಿಂಗಳು ಮೊದಲೇ ಹೇಳಿಡಿ. ಕೈಕೆಲಸದವರಿಗೆ ದಸರಾ ಹತ್ತಿರ ಬಂದಾಗ ಬೊಂಬೆ ಕೂರಿಸುವವರ ಬೇಡಿಕೆಯೇ ತುಂಬಿರುತ್ತದೆ.