ಕೊಲಂಬೊ–ಮಾಲೆ ವಿಮಾನ: ಟಿಕೆಟ್ ಮೇಲಿನ ಗಂಟೆ ನೋಡಿ ಗೊಂದಲ ಆಗಬೇಡಿ

ಎಲ್ಲರಿಗೂ ಶರಣು. ಕಲಬುರಗಿಯಿಂದ ಹೊರಟು ಶ್ರೀಲಂಕಾ, ಮಾಲ್ಡೀವ್ಸ್ ಎರಡನ್ನೂ ಒಂದೇ ಸಲ ನೋಡಿ ಬರುವವರಿಗೆ ಈ ಮಾತು.

ಮೊನ್ನೆ ಅಕ್ಕನ ಮಗ ಮೊಬೈಲಿನಲ್ಲಿ ಟಿಕೆಟ್ ತೋರಿಸಿದ. ಹೋಗುವಾಗ 10:00ಕ್ಕೆ ಹೊರಟು 11:00ಕ್ಕೆ ಇಳಿಯುವುದು. ಬರುವಾಗ ನೋಡಿದರೆ ಪೂರ್ತಿ ಎರಡು ಗಂಟೆ. "ಮಾಮಾ, ಬರೋ ವಿಮಾನ ನಿಧಾನ ಹೋಗ್ತದೇನು?" ಅಂತ ಕೇಳಿದ. ಹಾಗೇನಿಲ್ಲ. ಶ್ರೀಲಂಕಾದ ಸಮಯ ನಮ್ಮದೇ. ಮಾಲ್ಡೀವ್ಸ್ ಗಡಿಯಾರ ಮಾತ್ರ ಅರ್ಧ ಗಂಟೆ ಹಿಂದೆ. ಎರಡೂ ಕಡೆ ಪ್ರಯಾಣ ಸುಮಾರು ಒಂದೂವರೆ ಗಂಟೆಯೇ.

ನೇರ ದೂರ ಸುಮಾರು 775 ಕಿಲೋಮೀಟರ್. ಜೆಟ್ ವಿಮಾನ ಮೇಲೆ ಗಂಟೆಗೆ 800ರ ಆಸುಪಾಸು ಓಡುತ್ತದೆ, ಹಾಗಾದರೆ ಒಂದು ಗಂಟೆ ಸಾಕಲ್ವಾ ಅನಿಸುತ್ತದೆ. ಆದರೆ ರನ್‌ವೇವರೆಗೆ ಹೋಗುವುದು, ಮೇಲೇರುವುದು, ನಿಧಾನವಾಗಿ ಇಳಿಯುವುದು, ಇದಕ್ಕೆಲ್ಲ ಜಾಸ್ತಿ ಹೊತ್ತು ಬೇಕು. ಟಿಕೆಟ್‌ನಲ್ಲಿ ಅದೂ ಸೇರಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ಮಾಲೆ ವಿಮಾನ ನಿಲ್ದಾಣ ಇರುವುದು ಹುಲ್ಹುಲೆ ಅನ್ನುವ ಬೇರೆ ದ್ವೀಪದಲ್ಲಿ. 2018ರಿಂದ ಮಾಲೆಗೆ ಸೇತುವೆ ಇದೆ, ಅದು ಸುಲಭ. ದೂರದ ರೆಸಾರ್ಟ್ ಬುಕ್ ಮಾಡಿದ್ದರೆ ಮಾತ್ರ ಎಚ್ಚರ. ನೀರಿನ ಮೇಲೆ ಇಳಿಯುವ ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದಿಲ್ಲ. ಸಂಜೆ ಇಳಿದರೆ ಆ ರಾತ್ರಿ ಅಲ್ಲೇ ರೂಮ್ ಮಾಡಬೇಕಾಗುತ್ತದೆ, ಸುಮ್ನೆ ಖರ್ಚು. ಅದಕ್ಕೇ ಕೊಲಂಬೊದಿಂದ ಬೆಳಗಿನ ವಿಮಾನವನ್ನೇ ಹಿಡಿಯಿರಿ. ಅಕ್ಕನ ಮಗನಿಗೂ ಅದನ್ನೇ ಹೇಳಿದ್ದೇನೆ.