ಹಟದ ಮಗುವಿಗೆ ಬಟ್ಟೆ ತೊಡಿಸುವ ಬಗೆ

ಎರಡು ವರ್ಷ ತುಂಬುವ ಹೊತ್ತಿಗೆ ನಮ್ಮ ಕಾಸರಗೋಡಿನ ಮಕ್ಕಳು ಒಲ್ಲೆನೆಂಬುದನ್ನು ಮೂರು ಭಾಷೆಗಳಲ್ಲಿ ಹೇಳಲು ಕಲಿತಿರುತ್ತಾರೆ. ಮನೆಯೊಳಗಿನ ‘ಬೇಡ’, ತೋಟದ ಕೆಲಸಕ್ಕೆ ಬರುವವರಿಂದ ಕಲಿತ ತುಳುವಿನ ‘ಬೊಡ್ಚಿ’, ಪಕ್ಕದ ಮನೆಯ ಮಕ್ಕಳಿಂದ ಬಂದ ಮಲಯಾಳದ ‘ವೇಂಡ’. ನನ್ನ ಮಗ ಎರಡೂವರೆ ವರ್ಷದವನಿದ್ದಾಗ, ಬೆಳಿಗ್ಗೆ ಅಂಗಿ ಹಿಡಿದು ಹತ್ತಿರ ಹೋದರೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ತುಳಸಿಕಟ್ಟೆಗೆ ಸುತ್ತು ಹಾಕುತ್ತಾ ಬತ್ತಲೆಯಾಗಿ ಓಡುತ್ತಿದ್ದ. ನೋಡಿದವರಿಗೆ ನಗು ಬರುವುದು ಸಹಜ. ಒಲೆಯ ಮೇಲೆ ಗಂಜಿ ಇಟ್ಟು, ಬಸ್ಸಿನ ಹೊತ್ತು ನೋಡುತ್ತಾ ಅವನ ಹಿಂದೆ ಓಡುವ ತಾಯಿಗೆ ಮಾತ್ರ ಕಣ್ಣಲ್ಲಿ ನೀರು ಬರುತ್ತದೆ. ಆ ಎರಡು ವರ್ಷಗಳಲ್ಲಿ ನಾನು ಕಲಿತದ್ದನ್ನು ಅಂಥ ತಾಯಂದಿರಿಗೂ ತಂದೆಯರಿಗೂ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಹಟ ಕೆಟ್ಟ ಗುಣವಲ್ಲ ಎಂಬುದು. ಸುಮಾರು ಒಂದೂವರೆ ವರ್ಷದಿಂದ ಮೂರು ವರ್ಷದವರೆಗಿನ ಕಾಲವನ್ನು ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಸ್ವಾಯತ್ತತೆಯ ಹಂತವೆಂದು ಗುರುತಿಸಿದ್ದಾರೆ. ತನಗೂ ಒಂದು ಇಚ್ಛೆಯಿದೆ ಎಂಬುದನ್ನು ಮಗು ಕಂಡುಕೊಳ್ಳುವ ಕಾಲವದು. ಏನು ಉಣ್ಣಬೇಕು, ಯಾವಾಗ ಮಲಗಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ದೊಡ್ಡವರೇ ತೀರ್ಮಾನಿಸುವಾಗ, ತನ್ನ ಮೈಗೆ ನೇರವಾಗಿ ತಗಲುವ ಬಟ್ಟೆಯ ವಿಷಯದಲ್ಲಿ ಅದು ಪಟ್ಟು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಎಲ್ಲದರಲ್ಲೂ ಗೆಲ್ಲಲು ಹೊರಡಬೇಡಿ. ಮೈಯ ಆರೋಗ್ಯಕ್ಕೂ ಸುರಕ್ಷತೆಗೂ ಸಂಬಂಧಿಸಿದ್ದರಲ್ಲಿ ಮಾತ್ರ ನಮ್ಮ ಮಾತು ನಡೆಯಬೇಕು. ಬಣ್ಣ, ಜೋಡಿ, ಚಂದ ಇವೆಲ್ಲ ಮಗುವಿಗೆ ಬಿಟ್ಟದ್ದು ಎಂದು ಮನೆಯವರೆಲ್ಲ ಸೇರಿ ಮೊದಲೇ ನಿಶ್ಚಯಿಸಿಕೊಳ್ಳಿ. ಅಜ್ಜಿ ಒಂದು, ಅಪ್ಪ ಇನ್ನೊಂದು ಹೇಳುವ ಮನೆಯಲ್ಲಿ ಯಾವ ಉಪಾಯವೂ ನಿಲ್ಲುವುದಿಲ್ಲ.

ಎರಡನೆಯದಾಗಿ, ಹಟವೆಂದು ತೀರ್ಮಾನಿಸುವ ಮೊದಲು ಬಟ್ಟೆಯನ್ನು ಪರೀಕ್ಷಿಸಿ. ಇದನ್ನು ನಾನು ನೋವಿನಿಂದಲೇ ಕಲಿತೆ. ಮಳೆ ಬಿಟ್ಟ ಒಂದು ದಿನ, ಅಂಗಳದ ನುಗ್ಗೆಮರದ ಹತ್ತಿರದ ಹಗ್ಗದಲ್ಲಿ ಒಣಗಿದ ನೀಲಿ ಬನಿಯನನ್ನು ತೊಡಿಸಿದಾಗ ಮಗ ‘ಅಂಗಿ ಕಚ್ಚುತ್ತದೆ’ ಎಂದು ಕಿರುಚಿದ. ದಿನನಿತ್ಯದ ರಚ್ಚೆಯೆಂದುಕೊಂಡು ಗದರಿ ಕೂರಿಸಿದೆ. ಕಾಲು ಗಂಟೆಯ ಬಳಿಕ ನೋಡಿದರೆ ಕಂಕುಳಿನಿಂದ ಸೊಂಟದವರೆಗೆ ಕೆಂಪು ದದ್ದುಗಳು ಎದ್ದಿದ್ದವು. ಬನಿಯನನ್ನು ಬೆಳಕಿಗೆ ಹಿಡಿದಾಗ ಹೊಲಿಗೆಯ ಸಾಲಿನಲ್ಲಿ ಕಂಬಳಿಹುಳದ ಕೂದಲುಗಳು ಸಣ್ಣ ಚಿನ್ನದ ಎಳೆಗಳಂತೆ ಹೊಳೆಯುತ್ತಿದ್ದವು. ಅಂಟುವ ಟೇಪನ್ನು ಮೈಗೆ ಒತ್ತಿ ಎತ್ತಿ ಆ ಕೂದಲುಗಳನ್ನು ತೆಗೆದು, ಉಜ್ಜದೆ ಸೋಪು ನೀರಿನಲ್ಲಿ ತೊಳೆದೆ. ಅವನು ನಿಜವನ್ನೇ ಹೇಳಿದ್ದ, ನಾನು ಕೇಳಿರಲಿಲ್ಲ. ಅಂದಿನಿಂದ ಹೊರಗೆ ಒಣಗಿದ ಪ್ರತಿಯೊಂದು ಬಟ್ಟೆಯನ್ನೂ ಒಳಮೈ ಹೊರಗೆ ಮಾಡಿ ಕೊಡವಿ, ಹೊಲಿಗೆಯ ಸಾಲುಗಳ ಮೇಲೆ ಕಣ್ಣಾಡಿಸದೆ ತೊಡಿಸುವುದಿಲ್ಲ. ಕೆಂಪಿರುವೆಗಳೂ ಇದೇ ರೀತಿ ಚಡ್ಡಿಯ ಇಲಾಸ್ಟಿಕ್‌ನಲ್ಲಿ ಸೇರಿಕೊಳ್ಳುತ್ತವೆ.

ಹುಳವಿಲ್ಲದಿದ್ದರೂ ಬಟ್ಟೆ ಚುಚ್ಚಬಹುದು. ಕತ್ತಿನ ಹಿಂದಿನ ಲೇಬಲ್, ಒಳಗಿನ ಕಸೂತಿಯ ಗಂಟು, ಬಿಗಿಯಾದ ಸೊಂಟಪಟ್ಟಿ, ಕಾಲುಚೀಲದ ಬೆರಳ ತುದಿಯ ಹೊಲಿಗೆ, ಇವು ಕೆಲವು ಮಕ್ಕಳಿಗೆ ನಿಜಕ್ಕೂ ಸಹಿಸಲಾಗದವು. ಲೇಬಲನ್ನು ಕತ್ತರಿಸಿ ಮೊಂಡು ಅಂಚು ಬಿಟ್ಟರೆ ಇನ್ನಷ್ಟು ಚುಚ್ಚುತ್ತದೆ. ಹೊಲಿಗೆಯನ್ನೇ ಬಿಚ್ಚಿ ತೆಗೆಯಿರಿ. ಹೊಸ ಬಟ್ಟೆಯ ಗಂಜಿಯೂ ಅಂಗಡಿಯ ವಾಸನೆಯೂ ಹೋಗುವಂತೆ ಒಮ್ಮೆ ಒಗೆದ ಮೇಲೆಯೇ ತೊಡಿಸಿ. ‘ಚುಚ್ಚುತ್ತದೆ’, ‘ಬಿಗಿ’, ‘ಸೆಕೆ’, ‘ಒದ್ದೆ’ ಎಂಬ ನಾಲ್ಕು ಮಾತುಗಳನ್ನು ಮಗುವಿಗೆ ಕಲಿಸಿಕೊಟ್ಟರೆ ಅಳುವಿನ ಅರ್ಧ ಭಾಗ ಮಾತಾಗಿ ಬದಲಾಗುತ್ತದೆ. ಅಂಗನವಾಡಿಯಲ್ಲಿ ಮಲಯಾಳ ಮಾತನಾಡುವ ಟೀಚರಿದ್ದರೆ, ಈ ನಾಲ್ಕು ಕನ್ನಡ ಮಾತುಗಳ ಅರ್ಥವನ್ನು ಅವರಿಗೆ ತಿಳಿಸಿಡುವುದನ್ನು ಮರೆಯಬೇಡಿ. ನಮ್ಮ ಗಡಿನಾಡಿನಲ್ಲಿ ಎಷ್ಟೋ ಮಕ್ಕಳು ಹಟಮಾರಿಗಳೆನಿಸಿಕೊಳ್ಳುವುದು ಅವರ ಮಾತು ಕೇಳುವವರಿಗೆ ತಿಳಿಯದ ಕಾರಣದಿಂದ.

ಇನ್ನು ತೊಡಿಸುವ ಕ್ರಮ. ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 48 ಸೆಂಟಿಮೀಟರ್ ಇರುತ್ತದೆ. ದೊಡ್ಡವರ ತಲೆಗಿಂತ ಅದು ಅಷ್ಟೇನೂ ಚಿಕ್ಕದಲ್ಲ. ಮೈ ಮಾತ್ರ ಪುಟ್ಟದು. ಮೈಯ ಅಳತೆಗೆ ಹೊಲಿದ ಅಂಗಿಯ ಕತ್ತು ತಲೆಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ಆ ಹೊತ್ತಿನಲ್ಲಿ ಕಣ್ಣಿಗೆ ಕತ್ತಲು ಕವಿದು, ಕಿವಿ ಮಡಚಿ, ಉಸಿರು ಬಟ್ಟೆಗೆ ತಾಗುವಾಗ ಮಗು ಹೆದರದೆ ಇರುವುದು ಹೇಗೆ? ಮುಂಭಾಗದಲ್ಲಿ ಗುಂಡಿಯಿರುವ ಅಥವಾ ಹೆಗಲ ಮೇಲೆ ಒತ್ತುಗುಂಡಿಯಿರುವ ಅಂಗಿಗಳನ್ನು ಆರಿಸಿ. ತಲೆಯಿಂದಲೇ ಹಾಕಬೇಕಾದ ಅಂಗಿಯಾದರೆ ಅದನ್ನು ಕೆಳಗಿನಿಂದ ಕತ್ತಿನವರೆಗೆ ಬಳೆಯಂತೆ ಒಟ್ಟುಮಾಡಿ, ಎರಡೂ ಹೆಬ್ಬೆರಳುಗಳಿಂದ ಕತ್ತನ್ನು ಅಗಲಿಸಿ ಒಂದೇ ಸಲಕ್ಕೆ ಮುಖ ದಾಟಿಸಿ.

‘ನಾನೇ ಹಾಕುತ್ತೇನೆ’ ಎನ್ನುವ ಮಗುವಿಗೆ ಕೆಲಸದ ಕೊನೆಯ ತುಣುಕನ್ನು ಮೊದಲು ಬಿಟ್ಟುಕೊಡಿ. ಚಡ್ಡಿಯನ್ನು ತೊಡೆಯವರೆಗೆ ನೀವೇ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಅದಕ್ಕೆ ಬಿಡಿ. ಒಂದು ವಾರದ ಬಳಿಕ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಪಾದ ತೂರಿಸುವ ಹಂತ ಬಂದಾಗ ಮಗುವನ್ನು ಒಂದು ಗಿಡ್ಡ ಮಣೆಯ ಮೇಲೆ ಕೂರಿಸಿ, ಚಡ್ಡಿಯನ್ನು ಮುಂಭಾಗ ಮೇಲಿರುವಂತೆ ಅದರ ಕಾಲಿನ ಬಳಿ ಹಾಸಿಡಿ. ಕೆಲಸ ಮುಗಿಸಿದ ಸಂತೋಷ ಪ್ರತಿ ಸಲವೂ ಮಗುವಿನದಾಗುವುದೇ ಈ ಕ್ರಮದ ಗುಟ್ಟು. ಬಿಚ್ಚುವುದನ್ನು ಮಕ್ಕಳು ತೊಡುವುದಕ್ಕಿಂತ ಬಹಳ ಮೊದಲೇ ಕಲಿಯುತ್ತಾರೆ. ದೊಡ್ಡ ಗುಂಡಿಗಳನ್ನು ಹಾಕಲು ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ ಬೇಕು. ಎರಡರ ಮಗುವಿಗೆ ಗುಂಡಿ ಹಾಕಲು ಬಾರದೆಂದು ಬೇಸರಿಸಬೇಡಿ.

ಪ್ರಶ್ನೆ ಕೇಳುವಾಗ ಎಚ್ಚರ ಬೇಕು. ‘ಅಂಗಿ ಹಾಕಿಕೊಳ್ಳುತ್ತೀಯಾ?’ ಎಂದರೆ ಬರುವ ಉತ್ತರ ನಿಮಗೆ ಗೊತ್ತೇ ಇದೆ. ‘ಕೆಂಪೋ, ಹಸಿರೋ?’ ಎಂದು ಕೇಳಿ. ಆಯ್ಕೆ ಎರಡಕ್ಕಿಂತ ಹೆಚ್ಚಾಗಬಾರದು, ಎರಡೂ ನಿಮಗೆ ಒಪ್ಪಿಗೆಯಾದವೇ ಆಗಿರಬೇಕು, ಮತ್ತು ಕೇಳುವ ಹೊತ್ತು ಬೆಳಗಿನ ಗಡಿಬಿಡಿಯಲ್ಲಿರದೆ ಹಿಂದಿನ ರಾತ್ರಿಯಾಗಿರಬೇಕು. ಆರಿಸಿದ್ದನ್ನು ಮಗುವಿನ ಕೈಯಿಂದಲೇ ಮಣೆಯ ಮೇಲೆ ಇಡಿಸಿ. ಬೆಳಿಗ್ಗೆ ಮನಸ್ಸು ಬದಲಾದರೆ ಒಮ್ಮೆ ಒಪ್ಪಿ. ಮೂರನೆಯ ಸಲಕ್ಕೆ ‘ಇವತ್ತು ಅಮ್ಮ ಆರಿಸುತ್ತಾಳೆ’ ಎಂದು ದನಿ ಏರಿಸದೆ ಹೇಳಿ ತೊಡಿಸಿಬಿಡಿ. ಅಳಬಹುದು, ಅಳಲಿ. ಅಳುವ ಮಗುವನ್ನು ಎತ್ತಿಕೊಂಡೇ ಗುಂಡಿ ಹಾಕಬಹುದು.

ನಮ್ಮ ಊರಿನ ನಿಜವಾದ ಸಂಕಟ ಬರುವುದು ಜೂನ್ ತಿಂಗಳಿನಲ್ಲಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ತುಳುವರ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮಗುವಿಗೆ ಮಾತ್ರ ಆನೆಯ ಚಿತ್ರವಿರುವ ಆ ಹಳದಿ ಅಂಗಿಯೇ ಬೇಕು. ಒದ್ದೆ ಅಂಗಿಯನ್ನು ಹಗ್ಗದಿಂದ ಎಳೆದು ತೊಟ್ಟುಕೊಂಡು ಚಾವಡಿಯ ಮೂಲೆಯಲ್ಲಿ ಅಡಗಿ ಕುಳಿತ ದಿನವೂ ಇತ್ತು. ಇಲ್ಲಿ ನಾನು ಮಣಿಯಲಿಲ್ಲ, ನೀವೂ ಮಣಿಯಬೇಡಿ. ಒದ್ದೆ ಬಟ್ಟೆ ಮೈಗಂಟಿದರೆ ತೊಡೆಸಂದಿಯಲ್ಲೂ ಕಂಕುಳಿನಲ್ಲೂ ಬೂಸು ಸೋಂಕು ಹುಟ್ಟುತ್ತದೆ. ಆದರೆ ‘ಒದ್ದೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಅಂಗಿಯ ತುದಿಯನ್ನು ಮಗುವಿನ ಕೆನ್ನೆಗೆ ಒತ್ತಿ ತೋರಿಸಿ. ತಣ್ಣಗಾದದ್ದನ್ನು ತಾನೇ ಕಂಡ ಮೇಲೆ ನನ್ನ ಮಗ ಎಷ್ಟೋ ಸಲ ಅಂಗಿಯನ್ನು ಅವನಾಗಿಯೇ ಹಗ್ಗಕ್ಕೆ ಮರಳಿಸಿದ್ದಾನೆ.

ಅಂಥ ಅಚ್ಚುಮೆಚ್ಚಿನ ಅಂಗಿ ಸಿಕ್ಕಿದ ಕೂಡಲೇ ಅದೇ ಬಗೆಯ ಇನ್ನೊಂದನ್ನು ಕೊಂಡು, ಎರಡನ್ನೂ ಮೊದಲ ವಾರದಿಂದಲೇ ಸರದಿಯಲ್ಲಿ ತೊಡಿಸಿರಿ. ನಾನು ಮೂರು ತಿಂಗಳು ತಡಮಾಡಿ ಕೊಂಡ ಎರಡನೆಯ ಹಳದಿ ಅಂಗಿಯನ್ನು ಅವನು ಮೂಸಿ ನೋಡಿ, ‘ಇದು ನನ್ನದಲ್ಲ’ ಎಂದು ನೆಲಕ್ಕೆ ಹಾಕಿದ. ಬಟ್ಟೆಯ ಗುರುತು ಮಕ್ಕಳಿಗೆ ಕಣ್ಣಿಗಿಂತ ಮೂಗಿನಲ್ಲಿದೆ. ಬೇಗ ಒಣಗಿಸಲು, ಹಿಂಡಿದ ಅಂಗಿಯನ್ನು ಒಣ ಬೈರಾಸಿನಲ್ಲಿ (ಟವೆಲಿನಲ್ಲಿ) ಸುರುಳಿ ಸುತ್ತಿ ಮತ್ತೊಮ್ಮೆ ಬಲವಾಗಿ ಹಿಂಡಿದರೆ ನೀರು ಬಹಳಷ್ಟು ಇಳಿಯುತ್ತದೆ. ಬಳಿಕ ಫ್ಯಾನಿನ ಕೆಳಗೆ ಹರಡಿ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಬೇಗ ಒಣಗುವುದು ನಿಜವಾದರೂ ಹೊಗೆಯ ವಾಸನೆ ಹಿಡಿದ ಅಂಗಿಯನ್ನು ಇಂಥ ಮಗು ಒಪ್ಪುವುದಿಲ್ಲ, ಬೆಂಕಿಯ ಅಪಾಯವೂ ಇದೆ.

ವೇಷದ ಹಟಗಳಿಗೆ ಧಾರಾಳವಾಗಿ ಒಪ್ಪಿಗೆ ಕೊಡಿ. ಅಜ್ಜ ತೋಟಕ್ಕೆ ಹೋಗುವಾಗ ತಲೆಗೆ ಇಡುವ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆಯನ್ನು ಕಂಡು ತನಗೂ ಬೇಕೆಂದು ಅತ್ತ ಮಗನಿಗೆ ಅಜ್ಜನೇ ಒಂದು ಪುಟ್ಟದನ್ನು ಹೊಲಿದುಕೊಟ್ಟರು. ಅದನ್ನಿಟ್ಟುಕೊಂಡೇ ಅವನು ಸಂಬಂಧಿಕರ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತ. ನಾಲ್ಕು ಜನ ನಕ್ಕರು, ಯಾರಿಗೂ ಏನೂ ಆಗಲಿಲ್ಲ. ಬಿಸಿಲಿಗೆ ರೈನ್‌ಕೋಟ್ ಬೇಕೆಂದರೆ ನೆರಳಿನಲ್ಲಿ ಐದು ನಿಮಿಷ ತೊಡಲಿ, ಸೆಕೆಯೇ ಬಿಚ್ಚಿಸುತ್ತದೆ. ಎಡಬಲ ಅದಲುಬದಲಾದ ಚಪ್ಪಲಿ ಒಳಗೆ ನಡೆಯುತ್ತದೆ, ಪಾಚಿಗಟ್ಟಿದ ಅಂಗಳದಲ್ಲಿ ನಡೆಯದು. ಒಂದು ಸ್ಟಿಕ್ಕರನ್ನು ನಡುವೆ ಕತ್ತರಿಸಿ ಎರಡು ಚಪ್ಪಲಿಗಳ ಒಳಗೆ ಅರ್ಧರ್ಧ ಅಂಟಿಸಿದರೆ, ಚಿತ್ರ ಕೂಡುವಂತೆ ಜೋಡಿಸಿಕೊಳ್ಳುವುದು ಮಗುವಿಗೆ ಆಟವಾಗುತ್ತದೆ.

ಹಬ್ಬ, ಮದುವೆ, ಮಧೂರು ದೇವಸ್ಥಾನದ ಉತ್ಸವಗಳಿಗೆ ಜರಿಯ ಬಟ್ಟೆ ತೊಡಿಸಲೇಬೇಕಾದರೆ ಒಳಗೊಂದು ಹಳೆಯ ಹತ್ತಿ ಬನಿಯನ್ ಇರಲಿ, ಮೊದಲೊಮ್ಮೆ ಮನೆಯಲ್ಲಿ ಅರ್ಧ ಗಂಟೆ ತೊಡಿಸಿ ನೋಡಿ, ಹೊರಡುವ ಕ್ಷಣಕ್ಕೆ ತೊಡಿಸಿ, ಫೋಟೋ ಆದ ಮೇಲೆ ಬಿಚ್ಚಲು ಬಿಡಿ.

ಒಪ್ಪಲೇಬಾರದ ಕೆಲವು ಇವೆ. ಕತ್ತಿನ ಸುತ್ತ ಲಾಡಿ ಅಥವಾ ದಾರವಿರುವ ಅಂಗಿ ಆಟದಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಸಡಿಲವಾದ ಗುಂಡಿಯೂ ಮಣಿಯೂ ಬಾಯಿಗೆ ಹೋಗುತ್ತವೆ. ಪಾದ ಮುಚ್ಚುವ ಲಂಗ ಮೆಟ್ಟಿಲಿನಲ್ಲಿ ಎಡವಿಸುತ್ತದೆ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವುದರಿಂದ ಮಳೆಗಾಲದಲ್ಲಿ ಹೊರಗೆ ಆಡುವಾಗ ತೆಳು ಹತ್ತಿಯ ತುಂಬುತೋಳಿನ ಅಂಗಿ ಇರಲಿ. ಯಾವ ಬಟ್ಟೆಯನ್ನೂ ಸಹಿಸದೆ, ಜೊತೆಗೆ ಶಬ್ದ, ಸ್ಪರ್ಶ, ತಲೆಸ್ನಾನ, ಆಹಾರ ಎಲ್ಲಕ್ಕೂ ವಿಪರೀತವಾಗಿ ಅಳುವ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಿ. ಇದ್ದಕ್ಕಿದ್ದಂತೆ ಒಂದು ಕೈಗೆ ಮಾತ್ರ ತೋಳು ಹಾಕಲು ಬಿಡದಿದ್ದರೆ ಆ ಕೈಗೆ ಪೆಟ್ಟಾಗಿದೆಯೇ ಎಂದು ಅಂದೇ ನೋಡಬೇಕು.

ಕೊನೆಗೆ ಅಂಗಿ ಚಿಕ್ಕದಾಗುವ ದಿನ ಬರುತ್ತದೆ. ಅದನ್ನು ಕದ್ದು ಒರಸುಬಟ್ಟೆ ಮಾಡಬೇಡಿ. ಮಗು ಅಡುಗೆಮನೆಯಲ್ಲಿ ಅದನ್ನು ಗುರುತಿಸದೆ ಇರುವುದಿಲ್ಲ. ಹೊಕ್ಕುಳು ಕಾಣುವಷ್ಟು ಚಿಕ್ಕದಾದ ಹಳದಿ ಅಂಗಿಯನ್ನು ಮಗನ ಎದುರಿಗೇ ತೋಳು ಕತ್ತರಿಸಿ, ಆನೆ ಮೇಲೆ ಬರುವಂತೆ ದಿಂಬಿನ ಚೀಲವಾಗಿ ಹೊಲಿದೆ. ಹತ್ತಿಯನ್ನು ಅವನೇ ತುಂಬಿದ. ಈಗ ನಾಲ್ಕು ವರ್ಷದ ಅವನು ರಾತ್ರಿ ಅದರ ಮೇಲೆ ಕೆನ್ನೆಯಿಟ್ಟು, ನಾಳೆ ಯಾವ ಅಂಗಿಯೆಂದು ಹೇಳಿಯೇ ಮಲಗುತ್ತಾನೆ.