ಅಂಗೈ ಮೇಲಕ್ಕೆ ತಿರುಗದ ಮಗಳಿಗೆ ಡಾಕ್ಟರನ್ನು ಹುಡುಕಿದ್ದು: ನನ್ನ ಅನುಭವ

ನನ್ನ ಮಗಳಿಗೆ ಎರಡೂ ಅಂಗೈ ಮೇಲಕ್ಕೆ ತಿರುಗುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಮೊಣಕೈ ಚೆನ್ನಾಗಿ ಮಡಚುತ್ತದೆ, ಬೆರಳುಗಳು ಚುರುಕಾಗಿವೆ, ನೋವು ಅಂತೂ ಇಲ್ಲವೇ ಇಲ್ಲ. ಬೀಗಕ್ಕೆ ಕೀಲಿ ಹಾಕಿ ತಿರುಗಿಸುವಾಗ ಮುಂಗೈ ಹೊರಳುತ್ತದಲ್ಲ, ಆ ಒಂದು ಚಲನೆ ಮಾತ್ರ ಇಲ್ಲ. ಮುಂಗೈಯಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಮೂಳೆಗಳಿರುತ್ತವೆ. ರೇಡಿಯಸ್ ಹೊರಳಿ ಅಲ್ನಾದ ಮೇಲೆ ಅಡ್ಡ ಬಂದಾಗ ಅಂಗೈ ಕೆಳಗಾಗುತ್ತದೆ, ವಾಪಸ್ ಹೋದಾಗ ಮೇಲಾಗುತ್ತದೆ. ಇವಳಿಗೆ ಮೊಣಕೈ ಹತ್ತಿರ ಅವೆರಡೂ ಒಂದೇ ಮೂಳೆಯಾಗಿ ಕೂಡಿಕೊಂಡಿವೆ. ಇದರ ಹೆಸರು ಕಂಜೆನಿಟಲ್ ರೇಡಿಯೋಅಲ್ನಾರ್ ಸಿನೋಸ್ಟೋಸಿಸ್. ಅಪರೂಪದ್ದು. ಇದನ್ನು ನೋಡಿ ಗೊತ್ತಿರುವ ಡಾಕ್ಟರನ್ನು ನಾವು ಹೇಗೆ ಹುಡುಕಿದೆವು ಅಂತ ಬರೆಯುತ್ತಿದ್ದೇನೆ. ಇದೇ ತೊಂದರೆ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ದಾರಿ ಸ್ವಲ್ಪ ಹತ್ತಿರವಾಗಲಿ ಅಂತ.

ಮೊದಲು ಗಮನಿಸಿದ್ದು ನಮ್ಮತ್ತೆ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗ ಇವಳು ಮೊಣಕೈಯನ್ನು ಹೊಟ್ಟೆಯ ಮುಂದಕ್ಕೆ ತಂದು, ಇಡೀ ಮೈಯನ್ನು ಪಕ್ಕಕ್ಕೆ ವಾಲಿಸುತ್ತಿದ್ದಳು. ಆಗಲೂ ಅಂಗೈ ಪೂರ್ತಿ ಮೇಲೆ ಬರುತ್ತಿರಲಿಲ್ಲ, ತೀರ್ಥ ಬೆರಳಸಂದಿಯಲ್ಲಿ ಸೋರಿಹೋಗುತ್ತಿತ್ತು. ಊಟ ಮಾಡುವಾಗಲೂ ಮೊಣಕೈ ಪಕ್ಕಕ್ಕೆ ಎತ್ತಿ, ಮಣಿಕಟ್ಟು ಬಗ್ಗಿಸಿ, ಬಾಯನ್ನೇ ಕೈ ಹತ್ತಿರ ತರುತ್ತಿದ್ದಳು. ಅಲ್ಲಿಯವರೆಗೆ ಅದು ಅವಳ ರೂಢಿ ಅಂತ ಎಲ್ಲರೂ ಅಂದುಕೊಂಡಿದ್ದೆವು. ಆಮೇಲೆ ಓದಿದಾಗ ಗೊತ್ತಾಯಿತು, ಇದು ಸಾಮಾನ್ಯವಾಗಿ ಪತ್ತೆಯಾಗುವುದೇ ಮಗು ಅಂಗನವಾಡಿ ಅಥವಾ ಶಾಲೆಗೆ ಹೋಗುವ ವಯಸ್ಸಿನಲ್ಲಿ. ಭುಜ ಮತ್ತು ಮಣಿಕಟ್ಟು ಸೇರಿ ಆ ಕೊರತೆಯನ್ನು ಅಷ್ಟು ಚೆನ್ನಾಗಿ ತುಂಬಿಕೊಡುತ್ತವೆ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮದ ತಂಡದ ಡಾಕ್ಟರಿಗೆ ತೋರಿಸಿದೆವು. ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎರಡು ಮೂಳೆ ಸೇರಿರುವ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿ, "ಅಮ್ಮ, ಇಂಥದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೇ ಜಾಸ್ತಿ. ದೊಡ್ಡ ಕಡೆ ತೋರಿಸಿ" ಅಂದರು. ಆ ಪ್ರಾಮಾಣಿಕ ಮಾತಿಗೆ ನಾನು ಇಂದಿಗೂ ಋಣಿ. ಕಾಯಿಲೆಯ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬಿಡಿಸಿ ಬರೆದುಕೊಡಿ ಅಂತ ಕೇಳಿಕೊಂಡೆ. ಮುಂದಿನ ಹುಡುಕಾಟವೆಲ್ಲ ನಡೆದದ್ದು ಆ ಹೆಸರಿನ ಮೇಲೆ.

ಈ ನಡುವೆ ಮನೆಯಲ್ಲಿ ಬೇರೆ ಮಾತುಗಳೂ ನಡೆಯುತ್ತಿದ್ದವು. ಎಣ್ಣೆ ಹಚ್ಚಿ ನೀವಿದರೆ ಸಡಿಲ ಆಗುತ್ತೆ ಅಂದರು ಒಬ್ಬರು. ನಾಟಿ ಮೂಳೆ ವೈದ್ಯರ ಹತ್ತಿರ ಎಳೆಸಿ ಕಟ್ಟು ಹಾಕಿಸೋಣ ಅಂದರು ಇನ್ನೊಬ್ಬರು. ಉಳುಕಿದ ಕೈಯಲ್ಲ ಇದು. ಎರಡು ಮೂಳೆಯ ನಡುವೆ ಕೀಲೇ ಇಲ್ಲದಿರುವಾಗ ಎಳೆದರೆ ಮಗುವಿಗೆ ನೋವಾಗುತ್ತದೆ ಅಷ್ಟೇ. ಫಿಸಿಯೋಥೆರಪಿಯಿಂದಲೂ ಕೂಡಿದ ಮೂಳೆ ತಿರುಗುವುದಿಲ್ಲ.

ಇನ್ನು ಗ್ರಹಣದ ಮಾತು. "ಬಸುರಿಯಾಗಿದ್ದಾಗ ಗ್ರಹಣದ ದಿನ ಈಚೆ ಬಂದಿದ್ದೆಯೇನೋ" ಅಂತ ನೆಂಟರೊಬ್ಬರು ಕೇಳಿದರು. ಎಷ್ಟೋ ತಾಯಂದಿರು ಈ ಮಾತನ್ನು ಎದೆಯಲ್ಲಿಟ್ಟುಕೊಂಡು ಕೊರಗುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಭ್ರೂಣದಲ್ಲಿ ಈ ಎರಡು ಮೂಳೆಗಳು ಮೊದಲು ಒಂದೇ ಮೃದ್ವಸ್ಥಿಯಾಗಿ, ಅಂದರೆ ಇನ್ನೂ ಗಟ್ಟಿಯಾಗದ ಮೆತ್ತನೆಯ ಎಲುಬಾಗಿ ಇರುತ್ತವೆ. ಸುಮಾರು ಏಳನೇ ವಾರದ ಹೊತ್ತಿಗೆ ಅವು ಬೇರೆಯಾಗಬೇಕು. ಇಂಥ ಮಕ್ಕಳಲ್ಲಿ ಮೊಣಕೈ ಕಡೆಯ ತುದಿ ಬೇರೆಯಾಗುವುದಿಲ್ಲ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಬಸುರಿ ಅನ್ನುವುದೇ ಸರಿಯಾಗಿ ಗೊತ್ತಾಗಿರುವುದಿಲ್ಲ. ಕೆಲವು ಮನೆತನಗಳಲ್ಲಿ ಇದು ವಂಶವಾಹಿಯಾಗಿಯೂ ಬರುತ್ತದೆ. ಸ್ಮ್ಯಾಡ್6 ಎಂಬ ಜೀನಿನ ಬದಲಾವಣೆಗೂ ಇದಕ್ಕೂ ಇರುವ ನಂಟು 2019ರಲ್ಲಿ ವರದಿಯಾಯಿತು. ತಾಯಿ ಏನೋ ಮಾಡಿದ್ದಕ್ಕೆ, ಮಾಡದೇ ಇದ್ದದ್ದಕ್ಕೆ ಮೂಳೆ ಕೂಡಿಕೊಂಡಿಲ್ಲ.

ಈಗ ಹುಡುಕಾಟದ ವಿಷಯ. ಯಾವ ವಿಭಾಗಕ್ಕೆ ಹೋಗಬೇಕು ಅನ್ನುವುದೇ ಮೊದಲು ತಿಳಿಯಲಿಲ್ಲ. ಮಂಡಿ, ಸೊಂಟ, ಅಪಘಾತ ನೋಡುವ ಮೂಳೆ ಡಾಕ್ಟರು ಎಷ್ಟೇ ದೊಡ್ಡವರಿರಲಿ, ಇದು ಅವರ ದಿನನಿತ್ಯದ ಕೆಲಸವಲ್ಲ. ಇದನ್ನು ನೋಡುವವರು ಎರಡು ಥರದವರು. ಒಬ್ಬರು ಮಕ್ಕಳ ಮೂಳೆ ಸರ್ಜನ್, ಇನ್ನೊಬ್ಬರು ಕೈ ಸರ್ಜನ್, ಅಂದರೆ ಹ್ಯಾಂಡ್ ಸರ್ಜನ್. ನಮ್ಮ ದೇಶದಲ್ಲಿ ಕೆಲವು ಹ್ಯಾಂಡ್ ಸರ್ಜನ್‌ಗಳು ಮೂಳೆ ವಿಭಾಗದಿಂದ ಬಂದವರು, ಕೆಲವರು ಪ್ಲಾಸ್ಟಿಕ್ ಸರ್ಜರಿಯಿಂದ ಬಂದವರು. ಹಾಗಾಗಿ ಕೆಲವು ಆಸ್ಪತ್ರೆಗಳಲ್ಲಿ ಈ ಡಾಕ್ಟರು ಕೂರುವುದು ಪ್ಲಾಸ್ಟಿಕ್ ಸರ್ಜರಿ ಒಪಿಡಿಯಲ್ಲಿ. ರಿಸೆಪ್ಷನ್‌ನಲ್ಲಿ ಸುಮ್ನೆ "ಮೂಳೆ ಡಾಕ್ಟರು" ಅಂದರೆ ಬೇರೆ ಸಾಲಿನಲ್ಲಿ ಕೂರಿಸಿಬಿಡುತ್ತಾರೆ.

ಹೆಸರುಗಳಿಗಾಗಿ ಮೊದಲು ನೋಡಿದ್ದು ಎರಡು ಸಂಘಗಳನ್ನು: ಪೀಡಿಯಾಟ್ರಿಕ್ ಆರ್ಥೋಪೆಡಿಕ್ ಸೊಸೈಟಿ ಆಫ್ ಇಂಡಿಯಾ ಮತ್ತು ಇಂಡಿಯನ್ ಸೊಸೈಟಿ ಫಾರ್ ಸರ್ಜರಿ ಆಫ್ ದಿ ಹ್ಯಾಂಡ್. ಆಮೇಲೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ವೆಬ್‌ಸೈಟಿನಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಇಂಡಿಯಾ ಅಂತ ಹಾಕಿ ಹುಡುಕಿದೆ. ಲೇಖನದಲ್ಲಿ ಬರೆದದ್ದೆಲ್ಲ ನನಗೆ ಅರ್ಥವಾಗಲಿಲ್ಲ. ಆದರೆ ಯಾವ ಊರಿನ ಯಾವ ಆಸ್ಪತ್ರೆಯವರು ಇಂಥ ಮಕ್ಕಳ ಬಗ್ಗೆ ಬರೆದಿದ್ದಾರೆ ಅನ್ನುವುದು ಲೇಖಕರ ಹೆಸರಿನ ಕೆಳಗೇ ಇರುತ್ತದೆ. ಅಷ್ಟು ಸಾಕು. ಜಾಹೀರಾತಿನಲ್ಲಿ ಕಾಣುವ ಹೆಸರಿಗಿಂತ ಇದು ಎಷ್ಟೋ ವಾಸಿ.

ನಮ್ಮ ಕಡೆಯವರಿಗೆ ಹೋಗಿಬರಲು ಸಾಧ್ಯವಿರುವ ಊರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬೆಂಗಳೂರಿನಲ್ಲಿ ಸರ್ಕಾರದ ಸಂಜಯ್ ಗಾಂಧಿ ಟ್ರಾಮಾ ಮತ್ತು ಆರ್ಥೋಪೆಡಿಕ್ಸ್ ಸಂಸ್ಥೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಮಕ್ಕಳ ಮೂಳೆ ಚಿಕಿತ್ಸೆಗೆ ಹಳೆಯ ಹೆಸರು. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈ ಸರ್ಜರಿಗೆ, ಮತ್ತು ಸೂಕ್ಷ್ಮದರ್ಶಕದಡಿ ಸಣ್ಣ ರಕ್ತನಾಳ, ನರಗಳನ್ನು ಜೋಡಿಸುವ ಮೈಕ್ರೋ ಸರ್ಜರಿಗೆ ಹೆಸರಾದದ್ದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಶುರು ಮಾಡಿದ್ದರು. ಇಂದು ಅಲ್ಲಿ ಅವರ ಹೆಸರಿನಲ್ಲೇ ಕೈ ಸರ್ಜರಿಯ ಕೇಂದ್ರವಿದೆ. ಊರಿನಿಂದ ಹೊರಡುವ ಮುಂಚೆ ಫೋನ್ ಮಾಡಿ, ಮಕ್ಕಳ ಹುಟ್ಟು ಕೈ ತೊಂದರೆ ನೋಡುವ ಡಾಕ್ಟರು ಯಾವ ದಿನ ಒಪಿಡಿಗೆ ಬರುತ್ತಾರೆ ಅಂತ ಕೇಳಿಕೊಳ್ಳಿ. ರಾತ್ರಿ ಬಸ್ಸಿನಲ್ಲಿ ಮಗುವನ್ನು ಕರೆದುಕೊಂಡು ಹೋಗಿ, ಬೆಳಿಗ್ಗೆ "ಅವರು ಇವತ್ತು ಇಲ್ಲ" ಅನ್ನಿಸಿಕೊಳ್ಳಬಾರದು ಅಲ್ವಾ.

ತುಂಬ ಉಪಯೋಗಕ್ಕೆ ಬಂದದ್ದು ನಾನು ಮೊಬೈಲಿನಲ್ಲಿ ಮಾಡಿಕೊಂಡ ವಿಡಿಯೋ. ಒಪಿಡಿಯಲ್ಲಿ ಹೊಸಬರನ್ನು ಕಂಡರೆ ಇವಳು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. ಮನೆಯಲ್ಲಿ ಹಾಗಲ್ಲ. ಅನ್ನ ಸಾರು ಕಲಸಿ ತಿನ್ನುವುದು, ಲೋಟ ಹಿಡಿದು ಕುಡಿಯುವುದು, ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆಯುವುದು, ಅಂಗಡಿಯವರು ಕೊಟ್ಟ ಚಿಲ್ಲರೆ ಇಸಿದುಕೊಳ್ಳುವುದು, ಗುಂಡಿ ಹಾಕುವುದು, ಬಾಗಿಲ ಚಿಲಕ ತೆಗೆಯುವುದು, ಕಕ್ಕಸಿನಲ್ಲಿ ತೊಳೆದುಕೊಳ್ಳಲು ಕೈ ಹೋಗುತ್ತದೋ ಇಲ್ಲವೋ ಎಂಬುದಕ್ಕೆ ಬಟ್ಟೆ ಮೇಲೆಯೇ ಕೈ ಹಿಂದಕ್ಕೆ ಚಾಚಿ ತೋರಿಸುವುದು. ಒಂದೊಂದೂ ಚಿಕ್ಕ ತುಣುಕು. ಜೊತೆಗೆ ಎರಡೂ ಕೈಗಳ ಎಕ್ಸ್‌ರೇ, ಮೊಣಕೈಯಿಂದ ಮಣಿಕಟ್ಟಿನವರೆಗೆ ನೇರ ನೋಟ ಮತ್ತು ಪಕ್ಕದ ನೋಟ. ಹತ್ತರಲ್ಲಿ ಆರು ಮಕ್ಕಳಿಗಾದರೂ ಇದು ಎರಡೂ ಕೈಯಲ್ಲಿರುತ್ತದೆ, ಅದಕ್ಕೇ ಒಂದು ಕೈ ಸರಿ ಕಂಡರೂ ಇನ್ನೊಂದನ್ನು ನೋಡಿಸಬೇಕು. ತೀರಾ ಚಿಕ್ಕ ಮಕ್ಕಳಲ್ಲಿ ಕೂಡಿದ ಜಾಗ ಇನ್ನೂ ಮೃದ್ವಸ್ಥಿಯಾಗಿದ್ದರೆ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು ಅನ್ನುವುದೂ ನೆನಪಿರಲಿ.

ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿದರು, ಮಗುವನ್ನು ನೋಡಲಿಲ್ಲ. "ಎರಡೂ ಮೂಳೆ ಬಿಡಿಸಿಬಿಡೋಣ, ಕೈ ಪೂರ್ತಿ ತಿರುಗುತ್ತೆ" ಅಂದರು. ಕೇಳಲು ಹಿತವಾಗಿತ್ತು. ಆದರೆ ಅಷ್ಟರಲ್ಲಿ ನಾನು ಓದಿಕೊಂಡಿದ್ದೆ: ಸುಮ್ಮನೆ ಬಿಡಿಸಿದ ಮೂಳೆಗಳು ಮತ್ತೆ ಕೂಡಿಕೊಳ್ಳುವುದೇ ಹೆಚ್ಚು. ಜಪಾನಿನಲ್ಲಿ ಕನಾಯಾ ಎಂಬ ಸರ್ಜನ್ ರಕ್ತನಾಳ ಸಮೇತ ಕೊಬ್ಬಿನ ಪದರವನ್ನು ತಂದು ನಡುವೆ ಇಟ್ಟು ಬಿಡಿಸುವ ವಿಧಾನವನ್ನು 1998ರಲ್ಲಿ ಪ್ರಕಟಿಸಿದರು. ಅದು ಮೈಕ್ರೋ ಸರ್ಜರಿ, ಕೈ ಪಳಗಿದವರೇ ಮಾಡಬೇಕಾದದ್ದು. ಮತ್ತೆ ಕೂಡಿಕೊಂಡರೆ ಏನು ಮಾಡುತ್ತೀರಿ ಅಂತ ಕೇಳಿದಾಗ ಆ ಡಾಕ್ಟರಿಂದ ಉತ್ತರ ಬರಲಿಲ್ಲ. ನಾವು ಎದ್ದು ಬಂದೆವು.

ಕೊನೆಗೆ ನಾವು ನೆಚ್ಚಿಕೊಂಡ ಡಾಕ್ಟರು ಎಕ್ಸ್‌ರೇ ಕವರನ್ನು ಪಕ್ಕಕ್ಕಿಟ್ಟು, "ಪುಟ್ಟಿ, ನಿನ್ನ ಬಾಟಲಿ ಮುಚ್ಚಳ ತೆಗಿ ನೋಡೋಣ" ಅಂತ ಶುರು ಮಾಡಿದರು. ವಿಡಿಯೋ ಎಲ್ಲ ನೋಡಿದರು. ಆಮೇಲೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಮಡಚಿಸಿ, ಎರಡು ಮುಷ್ಟಿಗೂ ಒಂದೊಂದು ಪೆನ್ಸಿಲ್ ಕೊಟ್ಟರು. ಪೆನ್ಸಿಲ್ ನೆಟ್ಟಗೆ ನಿಂತರೆ ಕೈ ನಡುವಿನ ಸ್ಥಿತಿಯಲ್ಲಿದೆ ಅಂತ. ಬಲಗೈಯದು ಸ್ವಲ್ಪ ಒಳಕ್ಕೆ ವಾಲಿತ್ತು. ಎಡಗೈಯದು ಹೆಚ್ಚುಕಮ್ಮಿ ಮಲಗಿಯೇ ಇತ್ತು. ಅಷ್ಟಕ್ಕೇ ಬಿಡದೆ ಮಣಿಕಟ್ಟಿನ ಎರಡು ಕಡೆಯ ಗಂಟುಗಳನ್ನು ಬೆರಳಲ್ಲಿ ಹಿಡಿದು ಮತ್ತೆ ಅಳೆದರು. ಈ ಮಕ್ಕಳ ಮಣಿಕಟ್ಟು ಸಡಿಲವಾಗಿ ಬೆಳೆದಿರುತ್ತದಂತೆ, ಪೆನ್ಸಿಲ್ ಒಂದನ್ನೇ ನಂಬಿದರೆ ಮುಂಗೈ ತಿರುಗಿದ ಹಾಗೆ ಕಾಣುತ್ತದಂತೆ. ಮನೆತನದಲ್ಲಿದೆಯೇನೋ ಅಂತ ಅಪ್ಪ ಅಮ್ಮ ನಮ್ಮಿಬ್ಬರ ಕೈಗಳನ್ನೂ ತಿರುಗಿಸಿ ನೋಡಿದರು. ಒಂದು ರಕ್ತ ಪರೀಕ್ಷೆ ಬರೆದರು. ಈ ಮೂಳೆ ತೊಂದರೆಯ ಜೊತೆ ಕೆಲವೇ ಕೆಲವು ಮಕ್ಕಳಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತುಂಬ ಕಡಿಮೆ ಇರುತ್ತವೆ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ ಅಂದರು. ನಮ್ಮವಳದು ಸರಿಯಾಗಿತ್ತು.

ನನ್ನ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಇಂಥ ಮಕ್ಕಳನ್ನು ನೀವು ನೋಡಿದ್ದೀರಾ? ಆಪರೇಷನ್ ಮಾಡದೇ ಬಿಟ್ಟರೆ ಏನಾಗುತ್ತದೆ? ನಿಮ್ಮ ಕೈಯಲ್ಲೇ ಆದವರಲ್ಲಿ ಯಾರಿಗೆ ಏನು ತೊಂದರೆ ಆಯಿತು? ಮೂರನೆಯ ಪ್ರಶ್ನೆಗೆ ಅವರು ಮುಖ ಸಿಂಡರಿಸಲಿಲ್ಲ, ನಿಧಾನವಾಗಿ ಉತ್ತರಿಸಿದರು. ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿ. ಅಮೆರಿಕದ ಕ್ಲಿಯರಿ ಮತ್ತು ಓಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಹೇಳಿದರು. ಎಕ್ಸ್‌ರೇ ನೋಡಿ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದವರು ಅವರೇ. ಆಪರೇಷನ್ ಇಲ್ಲದೆ ಬೆಳೆದವರಲ್ಲಿ ಹೆಚ್ಚಿನವರು ತಮ್ಮ ಕೆಲಸಗಳನ್ನು ಮಾಡಿಕೊಂಡಿದ್ದರು, ಮುಂಗೈ ಎಷ್ಟು ಡಿಗ್ರಿಯಲ್ಲಿ ನಿಂತಿದೆ ಎಂಬುದಕ್ಕೂ ಅವರು ಮಾಡಬಲ್ಲ ಕೆಲಸಕ್ಕೂ ನೇರ ಸಂಬಂಧ ಕಾಣಲಿಲ್ಲ. ಅಂಗೈ 60 ಡಿಗ್ರಿಗಿಂತ ಹೆಚ್ಚು ಕೆಳಮುಖವಾಗಿ ನಿಂತಿದ್ದರೆ ಆಪರೇಷನ್ ಅಂತ ಹಲವರು ಹೇಳುತ್ತಾರೆ, ಆದರೆ ಡಿಗ್ರಿ ನೋಡಿಯೇ ತೀರ್ಮಾನ ಮಾಡಲಾಗದು, ಮಗು ಏನು ಮಾಡಲು ಒದ್ದಾಡುತ್ತಿದೆ ಅದನ್ನು ನೋಡಬೇಕು ಅಂದರು. ಕೀಬೋರ್ಡ್ ಒತ್ತಲು ಅಂಗೈ ಕೆಳಗಿದ್ದರೆ ಒಳ್ಳೆಯದು. ಕೈಯಲ್ಲಿ ಉಣ್ಣುವ, ನೀರಿನಲ್ಲಿ ತೊಳೆದುಕೊಳ್ಳುವ ನಮ್ಮ ಮಕ್ಕಳ ಲೆಕ್ಕ ಬೇರೆ.

ಬಲಗೈಯನ್ನು ಹಾಗೇ ಬಿಟ್ಟೆವು. ಎಡಗೈಗೆ ಆಪರೇಷನ್ ಆಯಿತು. ಇದರಲ್ಲಿ ಮೂಳೆ ಬಿಡಿಸುವುದಿಲ್ಲ, ಕತ್ತರಿಸಿ, ಹೆಚ್ಚು ಕೆಲಸಕ್ಕೆ ಬರುವ ಕೋನಕ್ಕೆ ತಿರುಗಿಸಿ, ತಂತಿ ಹಾಕಿ ಕೂಡಿಸುತ್ತಾರೆ. ಅಂದರೆ ಕೈ ಆಮೇಲೂ ತಿರುಗುವುದಿಲ್ಲ, ನಿಂತಿರುವ ಕೋನ ಮಾತ್ರ ಬದಲಾಗುತ್ತದೆ. ಇದನ್ನು ಮನೆಯವರೆಲ್ಲರಿಗೂ ಮೊದಲೇ ತಿಳಿಸಿಬಿಡಿ, ಆಮೇಲೆ ನಿರಾಸೆಯಾಗಬಾರದು.

ಈ ಆಪರೇಷನ್ನಿನ ದೊಡ್ಡ ಭಯ ಮುಂಗೈ ಒಳಗಿನ ಬಾವು. ಬಾವು ಏರಿ ರಕ್ತ ಓಡಾಡದಂತಾದರೆ ಕೈಗೇ ಅಪಾಯ, ಕೂಡಲೇ ಬಿಚ್ಚಿ ಬಾವಿನ ಒತ್ತಡ ಇಳಿಸಬೇಕು. ಇನ್ನೊಂದು, ಬೆರಳು ಎತ್ತುವ ನರಕ್ಕೆ ಪೆಟ್ಟಾಗುವುದು. ಆದ್ದರಿಂದ ಆಸ್ಪತ್ರೆ ಆರಿಸುವಾಗಲೇ ರಾತ್ರಿ ವಾರ್ಡಿನಲ್ಲಿ ಯಾರಿರುತ್ತಾರೆ, ಸರ್ಜನ್ ಎಷ್ಟು ಬೇಗ ಬರಬಲ್ಲರು ಅಂತ ಕೇಳಿ. ನಮ್ಮ ವಾರ್ಡಿನ ಸಿಸ್ಟರ್ ರಾತ್ರಿಯಿಡೀ ಆಗಾಗ ಬಂದು ಉಗುರಿನ ಬಣ್ಣ ನೋಡುತ್ತಿದ್ದರು, ಬೆರಳುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ "ನೋಯುತ್ತಾ ಕಂದ?" ಅನ್ನುತ್ತಿದ್ದರು, ಹೆಬ್ಬೆರಳು ಎತ್ತಿ ತೋರಿಸು ಅನ್ನುತ್ತಿದ್ದರು. ಬೆರಳು ನೆಟ್ಟಗೆ ಮಾಡಿದಾಗ ನೋವು ಏರುತ್ತಾ ಹೋದರೆ ಅದು ಮೊದಲ ಎಚ್ಚರಿಕೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿ. ನಿಮ್ಮ ಮಗುವಿನ ಆಪರೇಷನ್ ಆ ಪಟ್ಟಿಯಲ್ಲಿ ಬರುತ್ತದೋ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರು ಕೂರುವ ಆರೋಗ್ಯಮಿತ್ರ ಕೌಂಟರಿನಲ್ಲಿ ಕೇಳಿ.

ಈಗ ಅವಳು ಎಡಗೈಯನ್ನು ತಟ್ಟೆಯ ಅಂಚಿಗೆ ಕೊಟ್ಟು ಹಿಡಿಯುತ್ತಾಳೆ, ಎರಡೂ ಕೈ ಸೇರಿಸಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಾಳೆ. ತೀರ್ಥಕ್ಕೆ ಬಲಗೈ ಕೆಳಗೆ ಎಡಗೈ ಕೊಟ್ಟು ವಾಲುತ್ತಾಳೆ, ಅರ್ಚಕರು ನೋಡಿಕೊಂಡು ಹಾಕುತ್ತಾರೆ. ಶಾಲೆಯ ಮೇಷ್ಟ್ರಿಗೆ ಒಂದು ಪತ್ರ ಬರೆದುಕೊಟ್ಟಿದ್ದೇವೆ, ಯೋಗದ ಪೀರಿಯಡ್‌ನಲ್ಲಿ ಅಂಗೈ ಮೇಲೆ ಮಾಡು ಅಂತ ಒತ್ತಾಯಿಸಬಾರದು ಅಂತ. ಅವಳ ಮೊಣಕೈಯಲ್ಲಿ ರೇಡಿಯಸ್‌ನ ತಲೆ ಸ್ವಲ್ಪ ಹಿಂದಕ್ಕೆ ಸರಿದಿದೆ. ದೊಡ್ಡವಳಾಗುತ್ತಾ ಅಲ್ಲಿ ನೋವು ಬರಬಹುದಾದ್ದರಿಂದ ಬೆಳವಣಿಗೆ ಮುಗಿಯುವವರೆಗೆ ವರ್ಷಕ್ಕೊಮ್ಮೆ ಅದೇ ಡಾಕ್ಟರಿಗೆ ತೋರಿಸಬೇಕು. ಹಳೆಯ ಎಕ್ಸ್‌ರೇಗಳನ್ನೆಲ್ಲ ತಾರೀಖು ಬರೆದು ಒಂದೇ ಕವರಿನಲ್ಲಿ ಇಟ್ಟಿದ್ದೇನೆ.